ಬೆನ್ನಿಗೊಂದು ಇಂಚು

ವಕ್ಕಲೇರಿಯ ಟೈಲರ್ ದೊಡ್ಡಮುನಿಯಪ್ಪನಿಗೆ ತನ್ನ ಕೈ ಮೇಲೆ ಜಂಬ ಇತ್ತು. ಇರಲಿ ಬಿಡಿ, ಮೂವತ್ತು ವರ್ಷ ಒಂದೇ ಮಿಷನ್ನಿನ ಮುಂದೆ ಕೂತು ಸುತ್ತಮುತ್ತಲ ಹತ್ತು ಹಳ್ಳಿಯವರಿಗೆ ಬಟ್ಟೆ ಹೊಲಿದವನಿಗೆ ಅಷ್ಟಾದರೂ ಇಲ್ಲದಿದ್ದರೆ ಹೇಗೆ? ಅಂಗಡಿ ಮುಂದೆ ಯಾರಾದರೂ ನಡೆದುಹೋದರೆ ಸಾಕು, ಅವರ ಯಾವ ಭುಜ ಇಳಿದಿದೆ, ಯಾವ ಕಾಲಿನ ಮೇಲೆ ಭಾರ ಹಾಕಿ ನಡೀತಾರೆ, ಎಲ್ಲ ಕೂತಲ್ಲೇ ಹೇಳಿಬಿಡೋನು. ಹಾಲಿನ ಡೇರಿಯ ಸೊಣ್ಣಪ್ಪ ಇಪ್ಪತ್ತು ವರ್ಷ ಒಂದೇ ಕೈಯಲ್ಲಿ ಕ್ಯಾನು ಎತ್ತಿ ಎತ್ತಿ ಬಲಭುಜವನ್ನ ಎರಡು ಬೆರಳು ಇಳಿಸಿಕೊಂಡಿದ್ದ. ಮುನಿಯಪ್ಪ ಅವನ ಅಂಗಿಯ ಆ ಭುಜದೊಳಗೆ ಒಂದು ತೆಳು ಪಟ್ಟಿ ಇಟ್ಟು ಹೊಲಿದುಕೊಟ್ಟ. ಸೊಣ್ಣಪ್ಪ ಅದನ್ನ ತೊಟ್ಟು ಕನ್ನಡಿ ನೋಡಿಕೊಂಡು, "ನನ್ನ ಭುಜ ಸರಿಯಾಗೇ ಐತೆ ಕಣಯ್ಯ, ನಮ್ಮನೆಯೋಳು ಸುಮ್ನೆ ಆಡ್ಕೊಂತಾಳೆ" ಅಂದ. ಮುನಿಯಪ್ಪ ಮೀಸೆಯೊಳಗೇ ನಕ್ಕ. ಗಿರಾಕಿಯ ಊನ ಗಿರಾಕಿಗೇ ಕಾಣದ ಹಾಗೆ ಮುಚ್ಚಿ ಕಳಿಸಬೇಕು, ಅದೇ ಕಸುಬು ಅನ್ನೋದು ಅವನ ನಂಬಿಕೆ.

ಈ ನಂಬಿಕೆ ಅಂಗಡಿಯಲ್ಲೇ ಇದ್ದಿದ್ದರೆ ಯಾರಿಗೂ ನಷ್ಟ ಇರಲಿಲ್ಲ. ಅದನ್ನ ಮನೆಗೂ ತಗೊಂಡುಹೋದ.

ಅವನಿಗೆ ಒಬ್ಬಳೇ ಮಗಳು, ರಜನಿ. ಏಳನೇ ಕ್ಲಾಸಿನವರೆಗೂ ಎಲ್ಲ ಮಕ್ಕಳ ಹಾಗೇ ಇದ್ದ ಹುಡುಗಿ ಎಂಟಕ್ಕೆ ಬರೋ ಹೊತ್ತಿಗೆ ದಿಢೀರಂತ ಉದ್ದ ಬೆಳೆದುಬಿಟ್ಟಳು. ಸ್ಕೂಲಲ್ಲಿ ಕರೆಂಟ್ ಕಂಬ ಅಂತ ಹೆಸರಿಟ್ಟರು. ಮನೆಗೆ ಬಂದ ನೆಂಟರು, "ಯಾತಕ್ಕಮ್ಮ ಹಿಂಗೆ ಬೆಳೀತಿದ್ದೀಯ, ನಿಂಗೆ ಗಂಡು ಎಲ್ಲಿಂದ ತರೋದು" ಅಂತ ಕಾಫಿ ಕುಡೀತಾ ನಗೋರು. ತಾಯಿ ಕದಿರಮ್ಮ ನಗುತ್ತಿರಲಿಲ್ಲ, ಆದರೆ ಬೇಡ ಅಂತಲೂ ಹೇಳುತ್ತಿರಲಿಲ್ಲ. ಹುಡುಗಿ ತಾನೇ ಒಂದು ದಾರಿ ಕಂಡುಕೊಂಡಳು. ಭುಜ ಮುಂದಕ್ಕೆ ತಂದು, ಎದೆ ಒಳಕ್ಕೆಳೆದು, ಕತ್ತು ಬಗ್ಗಿಸಿ ನಡೆಯೋಕೆ ಶುರುಮಾಡಿದಳು. ಹಾಗೆ ನಡೆದರೆ ನಾಲ್ಕು ಬೆರಳು ಕಮ್ಮಿ ಕಾಣ್ತೀನಿ ಅಂತ ಅವಳ ಲೆಕ್ಕ. ಒಂದು ವರ್ಷದಲ್ಲಿ ಅದೇ ಅವಳ ನಡಿಗೆಯಾಯಿತು.

ಇದನ್ನ ಮೊದಲು ಕಂಡದ್ದು ಮುನಿಯಪ್ಪನೇ. ಯೂನಿಫಾರಂ ಹೊಲಿಯೋಕೆ ಟೇಪು ಹಿಡಿದಾಗ ಬೆನ್ನಿನ ಉದ್ದ ಒಂದು ಇಂಚು ಜಾಸ್ತಿ ಬಂತು, ಮುಂದೆ ಅರ್ಧ ಇಂಚು ಕಮ್ಮಿ. ಹುಡುಗಿ ಬಗ್ಗಿ ನಡೀತಿದ್ದಾಳೆ ಅಂತ ಅವನಿಗೆ ಆಗಲೇ ಗೊತ್ತಾಯಿತು. ಅಲ್ಲ, ಅಪ್ಪ ಅನ್ನಿಸಿಕೊಂಡವನು ಆಗ ಏನು ಮಾಡಬೇಕು? ಮಗಳನ್ನ ಪಕ್ಕ ಕೂರಿಸಿಕೊಂಡು, "ಯಾಕಮ್ಮ ಬಗ್ಗಿ ನಡೀತೀಯ, ಉದ್ದ ಇದ್ರೆ ಇರು, ನಿನ್ನನ್ನ ಯಾರೇನು ಮಾಡ್ತಾರೆ" ಅಂತ ಒಂದು ಮಾತು ಹೇಳಬೇಕಿತ್ತು. ಒಂದೇ ಒಂದು ಮಾತು. ಹೇಳಲಿಲ್ಲ ಪುಣ್ಯಾತ್ಮ. ಬೆನ್ನಿನ ತುಂಡನ್ನ ಒಂದು ಇಂಚು ಉದ್ದ ಕತ್ತರಿಸಿದ, ಮುಂದಿನದನ್ನ ಅರ್ಧ ಇಂಚು ಇಳಿಸಿದ, ಕಾಲರನ್ನ ಒಂಚೂರು ಮುಂದಕ್ಕೆ ತಂದ. ಬಟ್ಟೆ ಎಲ್ಲೂ ಎಳೆಯದೆ, ಎಲ್ಲೂ ಉಬ್ಬದೆ ಮೈಮೇಲೆ ಕೂತಿತು. "ಏನೂ ಕಾಣ್ಸಲ್ಲ ನೋಡಿ" ಅಂದಳು ಕದಿರಮ್ಮ. ಆ ಮಾತು ಕೇಳಿ ಅವನಿಗೆ ಆದ ಸಂತೋಷ ಇದೆಯಲ್ಲ, ಅದನ್ನ ಈಗ ನೆನೆಸಿಕೊಂಡರೆ ಅವನಿಗೆ ತನ್ನ ಮೇಲೇ ಅಸಹ್ಯವಾಗುತ್ತೆ.

ಮಗಳು ದೊಡ್ಡವಳಾದ ಮೇಲೆ ಅವನು ಅವಳಿಗೆ ಟೇಪು ಹಿಡಿಯೋದನ್ನ ಬಿಟ್ಟ. ನಮ್ಮ ಕಡೆ ಅದೊಂದು ಮರ್ಯಾದೆ. ಹೆಂಗಸರು ಅಂಗಡಿಗೆ ಬಂದರೂ ಅಳತೆಗೆ ಅಂತ ಒಂದು ಹಳೇ ಬಟ್ಟೆ ಕೊಟ್ಟುಹೋಗ್ತಾರೆ, ಅದನ್ನ ನೋಡಿ ಹೊಸದು ಹೊಲಿಯೋದು. ಮಗಳ ವಿಷಯದಲ್ಲೂ ಅದೇ ಆಯಿತು. ಈ ವರ್ಷದ ಬಟ್ಟೆಗೆ ಹೋದ ವರ್ಷದ್ದು ಅಳತೆ, ಹೋದ ವರ್ಷದ್ದಕ್ಕೆ ಅದರ ಹಿಂದಿನ ವರ್ಷದ್ದು. ಹೀಗೆ ಹತ್ತು ವರ್ಷ, ಆ ಒಂದು ಇಂಚು ಬಟ್ಟೆಯಿಂದ ಬಟ್ಟೆಗೆ ಇಳಿದು ಬಂತು. ಅಷ್ಟೂ ವರ್ಷ ಹುಡುಗಿ ಅಪ್ಪ ಹೊಲಿದದ್ದನ್ನ ಬಿಟ್ಟು ಬೇರೆ ಹಾಕಿದವಳಲ್ಲ. ಅಂಗಡಿಯಲ್ಲಿ ಸಿಗೋ ರೆಡಿಮೇಡ್ ಟಾಪು ಒಂದೆರಡು ಸಲ ತೊಟ್ಟು ನೋಡಿ, "ನಂಗೆ ಸರಿಹೋಗಲ್ಲ ನಾಯ್ನಾ, ನಿನ್ನ ಹೊಲಿಗೇನೇ ಸರಿ" ಅಂತ ಅಪ್ಪನಿಗೆ ಹೇಳಿದ್ದಳು. ಅದಕ್ಕೂ ಅಪ್ಪ ಹಿಗ್ಗಿದ್ದ.

ರಜನಿ ಡಿಪ್ಲೊಮಾ ಮುಗಿಸಿ ನರಸಾಪುರದ ಒಂದು ಕಂಪನಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಸಣ್ಣ ಸಣ್ಣ ಪಾರ್ಟುಗಳನ್ನ ಜೋಡಿಸೋ ಲೈನಿನಲ್ಲಿ ಕೆಲಸ. ಲೈನಿನಲ್ಲಿ ಅವಳಷ್ಟು ಚುರುಕು ಕೈ ಇನ್ನೊಂದಿರಲಿಲ್ಲ. ಹೊಸದಾಗಿ ಬಂದ ಹುಡುಗಿಯರು ಅವಳ ಪಕ್ಕ ಕೂತೇ ಕೆಲಸ ಕಲಿಯೋರು. ಅಲ್ಲಿ ಅನಿತ ಅಂತ ಮಾಲೂರಿನವರೊಬ್ಬರು ಟ್ರೈನರ್. ಹೊಸ ಬ್ಯಾಚು ಬಂದಾಗ ಐವತ್ತು ಜನರ ಮುಂದೆ ನಿಂತು ಕಲಿಸಿಕೊಡೋದು ಅವರ ಕೆಲಸ. ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವ ಮುಂಚೆ ರಜನಿಯನ್ನ ಕ್ಯಾಂಟೀನಿನಲ್ಲಿ ಕೂರಿಸಿಕೊಂಡು, "ನನ್ನ ಜಾಗಕ್ಕೆ ನಿನ್ನ ಹೆಸರು ಹೇಳಿದ್ದೀನಿ. ಮ್ಯಾನೇಜರ್‌ಗಳ ಮುಂದೆ ಹತ್ತು ನಿಮಿಷ ಡೆಮೊ ಕೊಡಬೇಕು. ಕೆಲಸ ನಿಂಗೆ ನನಗಿಂತ ಚೆನ್ನಾಗಿ ಬರುತ್ತೆ. ಆದ್ರೆ ನೀನು ನಿಂತ್ಕೊಳ್ಳೋದು ನೋಡಿದ್ರೆ ಏನೋ ಕದ್ದು ಸಿಕ್ಕಿಬಿದ್ದವಳ ಥರ ಇರುತ್ತೆ" ಅಂದರು.

ರಜನಿಗೆ ಅಳು ಬಂತಂತೆ. ಅನಿತ ಬಿಡಲಿಲ್ಲ. ದಿನಾ ಬೆಳಿಗ್ಗೆ ಗೋಡೆಗೆ ಹಿಮ್ಮಡಿ, ಬೆನ್ನು, ಭುಜ, ತಲೆ ನಾಲ್ಕೂ ತಾಗಿಸಿ ಐದು ನಿಮಿಷ ನಿಲ್ಲು, ಆಮೇಲೆ ಹಾಗೇ ನಡೆದುಕೊಂಡು ಹೋಗಿ ಬಸ್ ಹತ್ತು ಅಂತ ಹೇಳಿಕೊಟ್ಟರು. ಅವತ್ತಿನಿಂದ ಮನೆಯ ನಡುಮನೆಯಲ್ಲಿ ಹೊಸ ಪೂಜೆ ಶುರುವಾಯಿತು. ಕದಿರಮ್ಮ ಕಸ ಗುಡಿಸೋಕೆ ಬಂದು, "ಏನೇ ಇದು, ಗೋಡೆ ಬೀಳುತ್ತೆ ಅಂತ ಹಿಡ್ಕೊಂಡಿದ್ದೀಯಾ" ಅಂತ ರೇಗಿಸೋಳು. ರಜನಿ ನಗುತ್ತಾ ನಿಂತೇ ಇರೋಳು. ಮೊದಲ ವಾರ ಬೆನ್ನು ನೋವು ಅಂತ ಎಣ್ಣೆ ಹಚ್ಚಿಸಿಕೊಂಡಳು. ಎರಡನೇ ವಾರ ನೋವು ಹೋಯಿತು. ಒಂದು ತಿಂಗಳಾಗೋ ಹೊತ್ತಿಗೆ ಹುಡುಗಿ ಬೇರೆಯೇ ಆಗಿಬಿಟ್ಟಳು.

ಮುನಿಯಪ್ಪನಿಗೆ ಈ ಸುದ್ದಿ ತಂದದ್ದು ಡೇರಿಯ ಸೊಣ್ಣಪ್ಪ. ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂತು, "ನಿನ್ನ ಮಗಳು ಇವತ್ತು ನನಗೇ ಬುದ್ಧಿ ಹೇಳಿ ಹೋದ್ಲು ಕಣೋ" ಅಂದ. ಇವರ ಮನೆ ಹಸುವಿನ ಹಾಲು ಎಷ್ಟು ಗಟ್ಟಿ ಅಂತ ಡಿಗ್ರಿ ನೋಡಿ, ಅವನು ಕಮ್ಮಿ ಬರೆದಿದ್ದನಂತೆ. ದಿನಾ ಕದಿರಮ್ಮ ಗೊಣಗುತ್ತಾ ಬರೋಳು, ಅವತ್ತು ರಜನಿ ಹೋಗಿದ್ದಳು. "ನೆಟ್ಟಗೆ ನಿಂತ್ಕೊಂಡು, ನನ್ನ ಮುಖ ನೋಡ್ಕೊಂಡು, ಇನ್ನೊಂದ್ಸಲ ನೋಡಿ ಮಾವ ಅಂದ್ಲು. ಜಗಳ ಇಲ್ಲ, ಏನಿಲ್ಲ. ಇನ್ನೊಂದ್ಸಲ ನೋಡಿದೆ, ನಂದೇ ತಪ್ಪಿತ್ತು. ಅಷ್ಟು ಎತ್ತರ ಇದ್ದಾಳೆ ಅಂತ ನಂಗೆ ಇವತ್ತೇ ಗೊತ್ತಾಗಿದ್ದು." ಮುನಿಯಪ್ಪ ಸೂಜಿಗೆ ದಾರ ಪೋಣಿಸೋಕೆ ಹೋದ. ಒಳಗೊಳಗೇ ಅವನಿಗೆ ಎಷ್ಟು ಖುಷಿಯಾಯಿತು ಅಂದರೆ ದಾರ ಮೂರು ಸಲ ತಪ್ಪಿತು.

ಅದೇ ವಾರದ ಭಾನುವಾರ ರಜನಿ ಅಂಗಡಿಗೆ ಬಂದಳು. ಕೋಲಾರದಿಂದ ಕಡುನೀಲಿ ಬಟ್ಟೆ ತಂದಿದ್ದಳು. "ನಾಯ್ನಾ, ಡೆಮೊಗೆ ಒಂದು ಕೋಟು ಬೇಕು. ಅನಿತ ಮೇಡಂ ಹಾಕ್ಕೊಳ್ಳೋ ಥರದ್ದು. ಅಳತೆ ತಗೋ" ಅಂದು ನೇರವಾಗಿ ನಿಂತಳು.

ಮುನಿಯಪ್ಪ ಟೇಪು ಮುಟ್ಟಲಿಲ್ಲ. "ನಿನ್ನ ಅಳತೆ ನನಗೆ ಗೊತ್ತಿಲ್ವೇನಮ್ಮ? ಹೋದ ವರ್ಷ ಹಬ್ಬಕ್ಕೆ ಹೊಲಿದಿದ್ನಲ್ಲ, ಆ ಟಾಪು ಕೊಡು ಸಾಕು."

"ಹೊಸದಾಗಿ ತಗೋ ನಾಯ್ನಾ. ನಾನು ಈಗ ಸ್ವಲ್ಪ ಬದಲಾಗಿದ್ದೀನಿ."

"ದಪ್ಪಾನೂ ಆಗಿಲ್ಲ, ಸಣ್ಣಾನೂ ಆಗಿಲ್ಲ. ಹೋಗು, ಹೋಗು" ಅಂತ ನಕ್ಕು ಕಳಿಸಿದ.

ನಿಜ ಹೇಳಬೇಕು ಅಂದರೆ ಅವನಿಗೆ ಸಂಕೋಚ. ಇಪ್ಪತ್ತೈದು ವರ್ಷದ ಮಗಳಿಗೆ ಟೇಪು ಸುತ್ತೋದು ಹೇಗೆ ಅನ್ನೋ ಸಂಕೋಚ ಅರ್ಧ, ನನ್ನ ಮಗಳ ಮೈ ನನಗೆ ಕಣ್ಣುಮುಚ್ಚಿದರೂ ಗೊತ್ತು ಅನ್ನೋ ಜಂಬ ಅರ್ಧ. ಹೋಗಲಿ, ಕದಿರಮ್ಮನ ಕೈಗೆ ಟೇಪು ಕೊಟ್ಟು, ಹಿಂಗೆ ಹಿಡಿ, ಇಷ್ಟು ಓದು ಅಂತ ಹೇಳಬಹುದಿತ್ತಲ್ಲ? ಅದೂ ಹೊಳೆಯಲಿಲ್ಲ. ಹಾದಿಯಲ್ಲಿ ಹೋಗೋರ ಭುಜ ಅಳೆಯೋ ಕಣ್ಣಿಗೆ, ಎದುರಿಗೆ ನಿಂತ ಮಗಳ ಬೆನ್ನು ನೆಟ್ಟಗಾಗಿದೆ ಅಂದರೆ ಬಟ್ಟೆಯ ಅಳತೆಯೂ ಬದಲಾಗಿರುತ್ತೆ ಅನ್ನೋದು ಕಾಣಲಿಲ್ಲ.

ಹತ್ತು ದಿನ ಬೇರೆ ಕೆಲಸ ಮುಟ್ಟದೆ ಆ ಕೋಟು ಹೊಲಿದ. ಎದೆಯ ಒಳಗೆ ಬಿಗಿಗೆ ಇಡೋ ಕ್ಯಾನ್ವಾಸನ್ನ ಮಿಷನ್ನಿಗೆ ಕೊಡದೆ ಕೈಹೊಲಿಗೆಯಲ್ಲೇ ಕೂರಿಸಿದ. ಗುಂಡಿಯ ಕಾಜಗಳನ್ನ ಬಿಚ್ಚಿ ಬಿಚ್ಚಿ ಎರಡು ಸಲ ಮಾಡಿದ. ಊರವರ ಕೋಟಿಗೆ ಎರಡು ಸಲ ಟ್ರಯಲ್ ನೋಡೋನು, ಮಗಳದ್ದಕ್ಕೆ ಒಂದು ಸಲವೂ ನೋಡಲಿಲ್ಲ. ಆ ವಾರ ಅವಳಿಗೆ ಎರಡನೇ ಶಿಫ್ಟು, ಅವಳು ಏಳೋ ಹೊತ್ತಿಗೆ ಇವನು ಅಂಗಡಿಯಲ್ಲಿ. ಪೂರ್ತಿ ಮುಗಿಸಿ ಇಸ್ತ್ರಿ ಮಾಡಿ ಒಂದೇ ಸಲ ಕೈಗೆ ಕೊಟ್ಟು ಅವಳ ಮುಖ ನೋಡಬೇಕು ಅನ್ನೋ ಆಸೆ ಬೇರೆ.

ಡೆಮೊ ಇದ್ದ ದಿನ ಬೆಳಿಗ್ಗೆ ರಜನಿ ತಲೆಗೆ ಸ್ನಾನ ಮಾಡಿ, ಗೋಡೆಗೆ ನಿಂತು, ಬಂದು ಕೋಟು ತೊಟ್ಟಳು. ಏಳೂ ಕಾಲಿಗೆ ಸರ್ಕಲ್ಲಿಗೆ ಕಂಪನಿ ಬಸ್ಸು. ಆಗ ಏಳು ಗಂಟೆ.

ಗುಂಡಿ ಹಾಕಿ ಕನ್ನಡಿ ಮುಂದೆ ನೆಟ್ಟಗೆ ನಿಂತಳು. ಕಾಲರಿನ ಕೆಳಗೆ ಬೆನ್ನಿನಲ್ಲಿ ಬಟ್ಟೆ ಮಡಿಚಿಕೊಂಡು ಒಂದು ದಪ್ಪ ಸುರುಳಿಯಾಗಿ ಎದ್ದಿತು. ಮುಂದಿನ ಅಂಚು ಎರಡು ಬೆರಳು ಮೇಲಕ್ಕೆ ಹೋಯಿತು. ಎದೆಯ ಮೇಲೆ ಗುಂಡಿ ಬಿಗಿಯಾಗಿ ಎಳೆದುಕೊಂಡಿತು. "ನಾಯ್ನಾ, ಹಿಂದೆ ಏನೋ ಗುಡ್ಡೆ ಆಗಿದೆಯಾ?" ಅಂತ ಕತ್ತು ತಿರುಗಿಸಿ ಕೇಳಿದಳು.

ಮೂವತ್ತು ವರ್ಷದ ಕಣ್ಣು. ಒಂದು ಕ್ಷಣದಲ್ಲಿ ಅವನಿಗೆ ಎಲ್ಲ ಅರ್ಥವಾಯಿತು. ಕೋಟು ತಪ್ಪು. ನಿಂತಿರೋ ಹುಡುಗಿ ಸರಿ. ಹತ್ತು ದಿನ ಕೂತು ಅವನು ಹೊಲಿದದ್ದು ಈ ಹುಡುಗಿಗಲ್ಲ, ಮೊದಲಿದ್ದ ಹುಡುಗಿಗೆ.

"ಎಲ್ಲಾದ್ರೂ ಬಟ್ಟೆ ಎಳೀತಿದೆಯೇನೇ?" ಅಂದಳು ಕದಿರಮ್ಮ.

"ಎದೆ ಹತ್ರ ಬಿಗಿ. ಎಲ್ರೂ ಅಲ್ಲೇ ನೋಡ್ತಾರೆ" ಅಂತ ರಜನಿ ಮುಂದಿನ ಅಂಚನ್ನ ಕೆಳಗೆಳೆದಳು. ಆಮೇಲೆ ಅಪ್ಪನ ಮುಖ ನೋಡಿ, "ಪರವಾಗಿಲ್ಲ ನಾಯ್ನಾ, ಕಂಪನಿ ಯೂನಿಫಾರಂನಲ್ಲೇ ಹೋಗ್ತೀನಿ, ಅಲ್ಲಿ ಯಾರೂ ಏನೂ ಅಂದ್ಕೊಳ್ಳಲ್ಲ" ಅಂದಳು.

ಹೋಗು ಅಂದಿದ್ದರೆ ಮುಗೀತಿತ್ತು. ನಾನು ತಪ್ಪು ಹೊಲಿದಿದ್ದೀನಮ್ಮ, ಬಿಚ್ಚಿಡು ಅಂದಿದ್ದರೆ ಅವಳು ಯೂನಿಫಾರಂ ಹಾಕ್ಕೊಂಡು, ಆ ತಿಂಗಳಲ್ಲಿ ಕಲಿತ ನಡಿಗೆಯಲ್ಲೇ ಬಸ್ ಹತ್ತೋಳು. ಆದರೆ ಮುನಿಯಪ್ಪನ ಬಾಯಲ್ಲಿ ಮೂವತ್ತು ವರ್ಷದಲ್ಲಿ ಒಂದು ಸಲವೂ 'ನಾನು ತಪ್ಪು ಹೊಲಿದೆ' ಅನ್ನೋ ಮಾತು ಬಂದದ್ದಿಲ್ಲ. ಅವತ್ತೂ ಬರಲಿಲ್ಲ.

"ಕೋಟು ಸರಿಯಾಗಿದೆ. ನೀನು ಬಿಗಿ ಹಿಡ್ಕೊಂಡು ನಿಂತಿದ್ದೀಯ. ಸ್ವಲ್ಪ ಭುಜ ಸಡಿಲ ಬಿಡು" ಅಂದ.

ಅವಳು ಬಿಟ್ಟಳು. ಭುಜ ಮುಂದಕ್ಕೆ ಬಂತು.

"ಇನ್ನೊಂಚೂರು."

ಕತ್ತು ಬಗ್ಗಿತು. ಬೆನ್ನಿನ ಸುರುಳಿ ಮಾಯವಾಯಿತು, ಅಂಚು ಕೆಳಗೆ ಬಂತು, ಗುಂಡಿ ಸಡಿಲವಾಯಿತು. ಕೋಟು ಒಂದು ನೆರಿಗೆಯಿಲ್ಲದೆ ಅವಳ ಮೈಮೇಲೆ ಕೂತಿತು. "ಹ್ಞಾಂ, ಈಗ ಸರಿಹೋಯ್ತು" ಅಂದ ಮುನಿಯಪ್ಪ. ರಜನಿ ಕನ್ನಡಿಯಲ್ಲಿ ತನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಅವಳ ಮುಖ ಬದಲಾದದ್ದನ್ನ ಅವನು ಕಂಡ. ಕಂಡರೂ, ಹೊತ್ತಾಯ್ತು ಹೊರಡಮ್ಮ ಅಂತ ಚಪ್ಪಲಿ ತೋರಿಸಿದ. ಅವಳು ಬಸ್ಸಿನ ಕಡೆ ಹೋಗೋದನ್ನ ಬಾಗಿಲಲ್ಲಿ ನಿಂತು ನೋಡಿದ. ಒಂದೆರಡು ಸಲ ನೆಟ್ಟಗಾಗೋಕೆ ನೋಡಿದಳು. ಪ್ರತಿ ಸಲವೂ ಕೈ ಹಿಂದಕ್ಕೆ ಒಯ್ದು ಬೆನ್ನಿನ ಬಟ್ಟೆಯನ್ನ ತಡವಿ ನೋಡಿ, ಮತ್ತೆ ಬಗ್ಗಿದಳು.

ಸಂಜೆ ಬಂದವಳು ಬ್ಯಾಗಿಟ್ಟು ಕಾಲು ತೊಳೆದು ಕೂತಳು. ಕದಿರಮ್ಮ ಕೇಳಿದ ಮೇಲೆ ಹೇಳಿದಳು. ನಿಂತ ಕೂಡಲೇ ಬಟ್ಟೆ ಎಳೆಯುತ್ತಿದೆ ಅನ್ನಿಸಿ ಬಗ್ಗಿದಳಂತೆ. ಬಗ್ಗಿದ ಕೂಡಲೇ ಕಣ್ಣು ನೆಲಕ್ಕೆ ಹೋಯಿತಂತೆ. ಆಮೇಲೆ ದನಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಹಿಂದಿನ ಸಾಲಿನಿಂದ ಯಾರೋ ಕೇಳಿಸ್ತಿಲ್ಲ ಅಂದರಂತೆ, ಅದಾದ ಮೇಲೆ ಬಾಯಿಪಾಠ ಬರುತ್ತಿದ್ದದ್ದೂ ಮರೆತುಹೋಯಿತು. ನಾಲ್ಕೇ ನಿಮಿಷಕ್ಕೆ ಸಾಕು ಕೂತ್ಕೊಳ್ಳಿ ಅಂದರು. ಮುಳಬಾಗಿಲಿನ ಕಾಂತರಾಜ್ ಅನ್ನೋ ಹುಡುಗನಿಗೆ ಪೋಸ್ಟು ಆಯಿತು. ಎರಡು ವರ್ಷದ ಕೆಳಗೆ ಅವಳ ಪಕ್ಕ ಕೂತು ಕೆಲಸ ಕಲಿತವನು ಅವನು.

"ಕೋಟು ಮಾತ್ರ ತುಂಬಾ ಚೆನ್ನಾಗಿದೆ ಅಂದ್ರು ನಾಯ್ನಾ" ಅಂದಳು ರಜನಿ. "ಎಲ್ಲಿ ಹೊಲಿಸಿದ್ದು ಅಂತ ಮೂರು ಜನ ಕೇಳಿದ್ರು. ನಮ್ಮ ತಂದೆ ಅಂದೆ."

ಮುನಿಯಪ್ಪನಿಗೆ ನೆಲ ಬಾಯಿ ಬಿಟ್ಟು ನುಂಗಬಾರದಾ ಅನ್ನಿಸಿತು. ಆಗಲೇ ಹೇಳಿಬಿಡಬೇಕಿತ್ತು. ನಾಳೆ ಹೇಳೋಣ, ಈಗ ನೊಂದಿದ್ದಾಳೆ ಅಂದುಕೊಂಡ. ನಾಳೆ, ನಾಡಿದ್ದು ಅಂತ ಎರಡು ವಾರ ಹೋಯಿತು. ಆ ಎರಡು ವಾರದಲ್ಲಿ ರಜನಿ ಒಂದು ದಿನವೂ ಗೋಡೆಗೆ ನಿಲ್ಲಲಿಲ್ಲ. ಕದಿರಮ್ಮ ಡೇರಿಗೆ ಹೋಗೇ ಅಂದರೆ, "ನೀನೇ ಹೋಗಮ್ಮ, ಅವರ ಹತ್ರ ಯಾರು ಮಾತಾಡ್ತಾರೆ" ಅನ್ನೋಳು. ಲೈನಿನಲ್ಲಿ ಈಗ ಹೊಸಬರಿಗೆ ಕಲಿಸೋದನ್ನೂ ಬಿಟ್ಟಿದ್ದೀನಿ ಅಂತ ಒಂದಿನ ಊಟ ಮಾಡುತ್ತಾ ಹೇಳಿದಳು. ಹೇಳೋವಾಗ ಬೇಜಾರಿರಲಿಲ್ಲ ದನಿಯಲ್ಲಿ. ಅವನಿಗೆ ಹೆದರಿಕೆಯಾದದ್ದು ಅದಕ್ಕೇ.

ಮೂರನೇ ಭಾನುವಾರ ಮಧ್ಯಾಹ್ನ ಮಗಳನ್ನ ಅಂಗಡಿಗೆ ಕರೆದ. ಕಟಿಂಗ್ ಮೇಜಿನ ಮೇಲೆ ಕೋಟನ್ನ ಒಳಮೈ ಹೊರಗೆ ಮಾಡಿ ಹರಡಿದ್ದ. ಬೆನ್ನಿನ ತುಂಡಿನ ಮೇಲೆ ಟೇಪಿಟ್ಟು, ಮುಂದಿನ ತುಂಡಿನ ಮೇಲೆ ಟೇಪಿಟ್ಟು, ಬೆರಳಿನಿಂದ ತೋರಿಸುತ್ತಾ ಎಲ್ಲ ಹೇಳಿದ. ಎಂಟನೇ ಕ್ಲಾಸಿನ ಯೂನಿಫಾರಮ್ಮಿನಿಂದ ಶುರುಮಾಡಿ ಹೇಳಿದ. ಅಳತೆ ತಗೋ ಅಂದಾಗ ತಗೊಳ್ಳದೆ ಹೋದದ್ದು ಹೇಳಿದ. ಅವತ್ತು ಬೆಳಿಗ್ಗೆ ಕೋಟು ತಪ್ಪು ಅಂತ ಗೊತ್ತಿದ್ದೂ ನಿನ್ನನ್ನ ಬಗ್ಗಿಸಿ ಕಳಿಸಿದೆ ಅಂತಲೂ ಹೇಳಿದ. "ನಿನ್ನಲ್ಲಿ ಏನೂ ತಪ್ಪಿರಲಿಲ್ಲಮ್ಮ. ನನ್ನ ಹೊಲಿಗೆ ನಿನ್ನನ್ನ ಬಗ್ಗಿಸಿತು" ಅಂದ.

ರಜನಿ ಎಲ್ಲ ಕೇಳಿದಳು. ಕೋಟಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಮೆಲ್ಲಗೆ ನಕ್ಕಳು.

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ ನಾಯ್ನಾ."

"ಇಲ್ಲಮ್ಮ, ನಿಜ."

"ನಿನ್ನ ಹೊಲಿಗೆ ಯಾವತ್ತು ತಪ್ಪಿದೆ? ಈ ಊರಲ್ಲಿ ಯಾರನ್ನಾದ್ರೂ ಕೇಳು." ಅಪ್ಪನ ಕಣ್ಣಲ್ಲಿ ನೀರು ಕಂಡು ಅವಳು ಪಕ್ಕಕ್ಕೆ ಬಂದು ಅವನ ಭುಜದ ಮೇಲೆ ಕೈಯಿಟ್ಟಳು. "ಒಂದು ಇಂಚು ಬಟ್ಟೆಯಿಂದ ಯಾರಾದ್ರೂ ಮಾತು ಮರೀತಾರಾ? ನಂಗೆ ಧೈರ್ಯ ಇಲ್ಲ, ಅಷ್ಟೇ. ಒಂದು ತಿಂಗಳು ಬೇರೆ ಯಾರೋ ಥರ ಆಡಿದೆ. ನಾನು ಇರೋದೇ ಹಿಂಗೆ. ಕೋಟು ನನ್ನ ಮೈಗೆ ಸರಿಯಾಗೇ ಕೂತಿತ್ತು."

ಮುನಿಯಪ್ಪ ಅಲ್ಲ ಅನ್ನೋ ಹಾಗೆ ತಲೆಯಾಡಿಸಿದ. ಅವಳು ಕೋಟನ್ನ ಸರಿಯಾಗಿ ತಿರುವಿ, ಮಡಿಚಿ, ಅವನ ಮುಂದಿಟ್ಟಳು.

"ಹಬ್ಬಕ್ಕೆ ಟಾಪ್ ಬಟ್ಟೆ ತಂದಿದ್ದೀನಿ, ಸಂಜೆ ಕೊಡ್ತೀನಿ. ಅಳತೆಗೆ ಇದನ್ನೇ ಇಟ್ಕೋ" ಅಂದು, ಭುಜ ಮುಂದಕ್ಕೆ ಇಳಿಬಿಟ್ಟು ಅಂಗಡಿ ಮೆಟ್ಟಿಲಿಳಿದು ಮನೆ ಕಡೆ ಹೋದಳು.